ಅವ್ವನ್ನ ಹಗುರ ಮಾಡಬ್ಯಾಡ

"ಮೂರು ಸಾವಿರದ ಐನೂರಾ ತೊಂಬತ್ತು ಕಿಲೋ ಸಾರ್," ಎಂದಳು ಲಾರಿ ತೂಗುವ ಕಾಟಾದ ಕಿಟಕಿಯೊಳಗಿಂದ ನಾಗಜ್ಯೋತಿ.

"ಸಾಧ್ಯ ಇಲ್ಲ," ಎಂದೆ ನಾನು.

"ಮಷೀನು ಕರೆಕ್ಟುಗಾನೇ ಉಂದಿ ಸಾರ್. ನೀವು ಕಾಟಾ ಬಿಟ್ಟು ಕೆಳಗ ಇಳದ್ರ ಲಾರಿ ತೂಕ ಸಿಗತೈತಿ."

ಇಳಿದೆ. ಅಂಕಿ ಸರಿಯಾಗಿ ತೊಂಬತ್ತು ಕಿಲೋ ಕೆಳಗೆ ಬಂತು. ಆ ತೊಂಬತ್ತರಲ್ಲಿ ಮೂವತ್ತು ಕಿಲೋ ಬರೀ ಮೆದುಳು ಎಂದು ನಾನು ರಾಯರ ಮೇಲೆ ಆಣೆ ಇಟ್ಟು ಹೇಳಬಲ್ಲೆ. ಉಳಿದದ್ದು ನನ್ನ ಹೆಂಡತಿ ಶ್ರೀವಾಣಿಯ ಕೈಯಡುಗೆ.

ಮೂರು ಸಾವಿರದ ಐನೂರು. ಆದರೆ ಲಾರಿಯ ಬಾಗಿಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಖಾಲಿ ತೂಕ ಮೂರು ಸಾವಿರದ ನೂರಾ ಅರವತ್ತು. ಹಿಂದಿನ ಬಾಡಿಯಲ್ಲಿ ಒಂದು ಹತ್ತಿ ಎಳೆಯೂ ಇರಲಿಲ್ಲ. ಅರವತ್ತೈದು ವರ್ಷ ತುಕ್ಕು ತಿಂದ ಕಬ್ಬಿಣ ಕರಗಬೇಕೇ ಹೊರತು ಕೊಬ್ಬಬಾರದು. ಈ ಮುದುಕಿ ಲಾರಿ ಮಾತ್ರ ಮುನ್ನೂರಾ ನಲವತ್ತು ಕಿಲೋ ಮೈ ತುಂಬಿಕೊಂಡು ಕೂತಿದ್ದಳು.

ನಾನು ಬದರಿ. ಹಳೇ ವಾಹನಗಳಿಗೆ ಬೆಲೆ ಕಟ್ಟುವವನು. ಆಲೂರಿನಲ್ಲಿ ಒಬ್ಬ ಬ್ರೇಕ್ ಒತ್ತಿದರೆ ಆಂಧ್ರದ ಗಡಿಯ ಈ ಆದವಾನಿಯಲ್ಲಿ ನಮ್ಮ ಕಟ್ಟೆ ಮೇಲೆ ಕೂತು ಲೈನಿಂಗ್ ಎಷ್ಟು ಉಳಿದಿದೆ ಎಂದು ಹೇಳುವ ಕಿವಿ ನನ್ನದು. ಈ ಜಿಲ್ಲೆಯಲ್ಲಿ ನಾನು ಬೆಲೆ ಕಟ್ಟದೆ ಸತ್ತ ಗಾಡಿಗೆ ಸದ್ಗತಿಯೇ ಇಲ್ಲ ಎಂದು ಜನ ಹೇಳುತ್ತಾರೆ. ಜನ ಅಂದರೆ ಮುಖ್ಯವಾಗಿ ನಾನು.

ಮೂರು ತಿಂಗಳ ಹಿಂದೆ ತೀರಿಕೊಂಡ ಹತ್ತಿ ವ್ಯಾಪಾರಿ ಸೋಮಶೇಖರಪ್ಪನವರಿಗೂ ಈ ಮಾತಿನಲ್ಲಿ ನಂಬಿಕೆ ಇತ್ತೆಂದು ಕಾಣುತ್ತದೆ. ಉಯಿಲಿನಲ್ಲಿ ಹೀಗೆ ಬರೆಸಿದ್ದರು: ಲಾರಿ ಮಗ ವಾಗೀಶನಿಗೂ ಮಗಳು ಗಂಗೋತ್ರಿಗೂ ಸಮ. ಇಟ್ಟುಕೊಳ್ಳುವವರು ಇನ್ನೊಬ್ಬರಿಗೆ ಅರ್ಧ ಬೆಲೆ ಕೊಡಬೇಕು. ಬೆಲೆಯನ್ನು ಬದರಿ ಆಚಾರ್ರೇ ಕಟ್ಟಬೇಕು.

ಲಾರಿಯ ಹಣೆಯ ಮೇಲೆ ಸೋಮಶೇಖರಪ್ಪನವರ ತಾಯಿಯ ಹೆಸರು: 'ಶ್ರೀ ಗುರುಬಸಮ್ಮ ಪ್ರಸನ್ನ'. ಹಾಗಾಗಿ ಮನೆಯಲ್ಲಿ ಯಾರೂ ಅದನ್ನು ಲಾರಿ ಎನ್ನುತ್ತಿರಲಿಲ್ಲ. ಅವ್ವ ಎನ್ನುತ್ತಿದ್ದರು. ಅವ್ವನಿಗೆ ಡೀಸೆಲ್ ಹಾಕ್ಸಿದೆ, ಅವ್ವ ಪಂಕ್ಚರ್ ಆಗ್ಯಾಳ, ಹೀಗೆ.

ಇಷ್ಟೇ ಆಗಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಮೊನ್ನೆ ಹೈದರಾಬಾದಿನಿಂದ ವಿಠಲ್ ರಾವ್ ಎಂಬ ಹಳೇ ಗಾಡಿಗಳ ಶೋಕಿದಾರ ಬಂದು, ಗುಜರಿಯವನು ಲಕ್ಷಕ್ಕೂ ಮೂಗು ಮುರಿಯುವ ಲಾರಿಗೆ ಹನ್ನೊಂದು ಲಕ್ಷ ಕೊಡುತ್ತೇನೆ ಎಂದುಬಿಟ್ಟಿದ್ದ. ಹನ್ನೊಂದೇ ಬೆಲೆ ಎಂದಾದರೆ, ಲಾರಿ ತನಗೇ ಬೇಕೆನ್ನುವ ಗಂಗೋತ್ರಿ ಅಣ್ಣನಿಗೆ ಐದೂವರೆ ಲಕ್ಷ ಕೊಡಬೇಕು. ಅವಳ ಹಿಂಡಿ ಅಂಗಡಿಯನ್ನೂ, ಹಿಂಡಿ ತಿನ್ನುವ ಊರಿನ ಎಮ್ಮೆಗಳನ್ನೂ ಒಟ್ಟಿಗೆ ಮಾರಿದರೂ ಅಷ್ಟು ಹುಟ್ಟುವುದಿಲ್ಲ. ಕೈಯಲ್ಲಿದ್ದದ್ದು ಒಂದು ಲಕ್ಷ.

ಅಣ್ಣ ತಂಗಿ ಇಬ್ಬರೂ ಬಾಂಡ್ ಕಾಗದಕ್ಕೆ ಸಹಿ ಮಾಡಿದ್ದರು. ಇವತ್ತು ಮಧ್ಯಾಹ್ನ ಹನ್ನೆರಡರ ಮಿಲ್ ಸೈರನ್ ನಿಲ್ಲುವುದರೊಳಗೆ ನಾನು ಬರೆದದ್ದೇ ಬೆಲೆ. ಬರೆಯದಿದ್ದರೆ ಅವ್ವ ಬಹಿರಂಗ ಹರಾಜಿಗೆ.

ಗಂಟೆ ಹತ್ತೂ ಕಾಲು.

"ಏನ್ರಿ ಆಚಾರ್ರ, ಅವ್ವ ದಪ್ಪ ಆಗ್ಯಾಳೇನು?" ಲಾರಿಯನ್ನು ಎಳೆದು ತಂದಿದ್ದ ಟ್ರಾಕ್ಟರಿನ ಮಡ್‌ಗಾರ್ಡ್ ಮೇಲಿಂದ ಜಿಗಿದು ಬಂದಳು ಗಂಗೋತ್ರಿ. ಮೂವತ್ತಾರರ ಹೆಂಗಸು. ಸೊಂಟದಲ್ಲಿ ಬೆಳ್ಳಿ ಗೆಜ್ಜೆಯ ಬೀಗದ ಕೈ ಗೊಂಚಲು. ಲಾರಿ ಶೆಡ್ಡಿನ ಒಂದೇ ಒಂದು ಕೀಲಿಯೂ ಅದರಲ್ಲೇ. ನಡೆದರೆ ಸಣ್ಣ ಮೆರವಣಿಗೆ ಬಂದಂತೆ ಸದ್ದು.

"ಮುನ್ನೂರಾ ನಲವತ್ತು ಕಿಲೋ ಜಾಸ್ತಿ ಅದ."

"ನಿಮ್ಮ ಲೆಕ್ಕ ತಪ್ಪಿರಬೇಕ್ರಿ."

"ನನ್ನ ಲೆಕ್ಕ ತಪ್ಪಿದ್ದು ಒಂದೇ ಸಲ. ಅದು ನನ್ನ ಮದುವಿ ದಿನ."

ಆಕೆ ನಕ್ಕು ತೂಕದ ಚೀಟಿ ಇಸಿದುಕೊಂಡಳು. ಬಲಗೈಯ ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕಪ್ಪು ಕಲೆ ಇತ್ತು.

"ಏನದು?"

"ಗ್ರೀಸ್ರಿ. ಮುಂಜಾನೆ ಅವ್ವನ ಬಾಗಿಲು ತೆಗ್ಯಾಕ ಹೋಗಿ ಹತ್ತಿತು."

ವಾಹನದ ಮೇಲೆ ಇಂಥ ಪ್ರೀತಿ ಇದ್ದವರನ್ನು ನಾನು ಇನ್ನೊಬ್ಬರನ್ನಷ್ಟೇ ನೋಡಿದ್ದೇನೆ. ಅದೂ ಕನ್ನಡಿಯಲ್ಲಿ.

"ಇದನ್ನ ಇಟ್ಟುಕೊಂಡು ಏನು ಮಾಡ್ತೀಯವ್ವ? ಸ್ಟಾರ್ಟೂ ಆಗೂದಿಲ್ಲ."

"ಹಿಂಡಿ ಹೇರತೀನ್ರಿ. ಎಂಜಿನ್ ಬಿಚ್ಚಿಸಿ ಕಟ್ಟಿಸಿದ್ರ ಆಕಿ ಇನ್ನೂ ಇಪ್ಪತ್ತು ವರ್ಷ ದುಡೀತಾಳ. ಮತ್ತ ನಾ ಹುಟ್ಟಿದ್ದು ಇದರ ಮ್ಯಾಲ. ಗೊತ್ತಿಲ್ಲೇನು?"

ಗೊತ್ತಿತ್ತು. ಆದವಾನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಕೇಳಿದೆ. ಪತ್ತೇದಾರನು ಗೊತ್ತಿದ್ದನ್ನೇ ಎರಡು ಸಲ ಕೇಳಬೇಕು. ಎರಡನೇ ಸಲ ಏನಾದರೂ ಹೆಚ್ಚಿಗೆ ಉದುರುತ್ತದೆ.

"ನನ್ನ ಹೆತ್ತವ್ವ ಸಿ. ಬೆಳಗಲ್ ಊರಾಗ ತವರುಮನ್ಯಾಗ ಇದ್ಲು. ನೋವು ಬಂತು. ಊರಾಗ ಇದ್ದದ್ದು ಹತ್ತಿ ಹೇರಿದ ಈ ಲಾರಿ ಒಂದ. ಹತ್ತಿ ಮ್ಯಾಲ ಮಲಗಿಸಿಕೊಂಡು ಹೊಂಟ್ರು. ಯಮ್ಮಿಗನೂರು ದಾಟಿದ ಮ್ಯಾಲ ಎಂಜಿನ್ ಬಂದ್ ಆತು. ಡ್ರೈವರ್ ಆಂಜಿನಪ್ಪ ಗಡಿಬಿಡ್ಯಾಗ ಸ್ಟಾರ್ಟ್ ಮಾಡೂ ಮುಂದಿನ ಹ್ಯಾಂಡಲ್ ತಿರುವಾಕ ಹೋದ. ಅದು ತಿರುಗಿ ಒದ್ದು ಆತನ ಹೆಬ್ಬೆರಳು ಮುರೀತು. ಆದ್ರೂ ಒಂದ ಕೈಲೆ ಲಾರಿ ಓಡಿಸಿಕೊಂಡು ಬಂದ. ಆಸ್ಪತ್ರಿ ಗೇಟಿಗೆ ಬರೂದ್ರಾಗ ನಾ ಬಂದಿದ್ದೆ."

"ಆಂಜಿನಪ್ಪ ಈಗೆಲ್ಲಿ?"

"ಯಾರಿಗ್ಗೊತ್ತು. ಇಪ್ಪತ್ತು ವರ್ಷದ ಹಿಂದ ಲಾರಿ ನಿಂತಾಗ ತನ್ನೂರು ಚಿಪ್ಪಗಿರಿ ಬಿಟ್ಟು ಹೋದಾಂವ, ಮತ್ತ ಬರಲಿಲ್ಲ." ಆಕೆ ಬಾನೆಟ್ಟಿನ ಮೇಲೆ ಕೈ ಇಟ್ಟಳು. "ಅಪ್ಪ ಹೋಗೂ ದಿನ ನನ್ನ ಕರದು ಒಂದ ಮಾತು ಹೇಳಿದ. 'ಅವ್ವನ್ನ ಹಗುರ ಮಾಡಬ್ಯಾಡವ್ವ' ಅಂದ. ಅದನ್ನ ಹಿಡಕೊಂಡು ನಮ್ಮಣ್ಣ ಕುಣಿಯಾಕತ್ಯಾನ. ಹಗುರ ಮಾಡಬ್ಯಾಡ ಅಂದ್ರ ಕಡಿಮಿ ಬೆಲಿಗೆ ಕೊಡಬ್ಯಾಡ ಅಂತ ಅರ್ಥ ಐತಂತ, ಹನ್ನೊಂದು ಲಕ್ಷಕ್ಕ ಕೊಡೂದು ಅಪ್ಪನ ಆಜ್ಞಾ ಐತಂತ."

ನಾನು ತೂಕದ ಚೀಟಿ ವಾಪಸ್ ತೆಗೆದುಕೊಂಡು ನೋಡಿದೆ. ಬಾಗಿಲ ಮೇಲಿನ ಬಿಳಿ ಅಂಕಿ ನೋಡಿದೆ. ಮತ್ತೆ ಚೀಟಿ ನೋಡಿದೆ.

ನನ್ನ ತಲೆಯಲ್ಲಿ ಆಗ ಹೊತ್ತಿದ ಬೆಳಕಿಗೆ ಆದವಾನಿಗೆ ಒಂದು ವಾರ ಕರೆಂಟ್ ಕೊಡಬಹುದಿತ್ತು. ಮೂರು ತಿಂಗಳಿಂದ ಇಡೀ ಮನೆ ಆ ಮಾತನ್ನು ಮಾನ ಮರ್ಯಾದೆಯ ಮಾತೆಂದು ತಿಳಿದಿತ್ತು. ಸಸಾರ ಮಾಡಬೇಡ, ಕೇವಲವಾಗಿ ಕಾಣಬೇಡ ಎಂದು. ಸೋಮಶೇಖರಪ್ಪ ಹುಟ್ಟಿನಿಂದ ಸಾಯುವವರೆಗೆ ತಕ್ಕಡಿ ಹಿಡಿದ ಮನುಷ್ಯ. ಆತ ಹಗುರ ಎಂದರೆ ಹಗುರವೇ. ತೂಕ ಕಡಿಮೆ ಮಾಡಬೇಡ ಎಂದಿದ್ದಾನೆ.

ಅಂದರೆ ಲಾರಿಯೊಳಗೆ ಏನೋ ಇದೆ. ಅದನ್ನು ತೆಗೆಯಬೇಡ ಎಂದಿದ್ದಾನೆ.

"ನಡಿಯವ್ವ, ಮಿಲ್ಲಿಗೆ ಹೋಗೋಣು," ಎಂದೆ.

*

ಮಿಲ್ಲಿನ ಅಂಗಳದ ಬೇವಿನ ಮರದ ಕೆಳಗೆ ವಾಗೀಶ ಮತ್ತು ವಿಠಲ್ ರಾವ್ ಚಹಾ ಕುಡಿಯುತ್ತಿದ್ದರು. ವಾಗೀಶ ನಲವತ್ತಾರರ ಮನುಷ್ಯ. ಬಿಳಿ ಷರಟು, ಹಣೆಯಲ್ಲಿ ವಿಭೂತಿ, ಹುಬ್ಬಿನ ಮೇಲೆ ಹತ್ತಿ ಬಿಡಿಸುವ ಜಿನ್ನಿಂಗ್ ಯಂತ್ರದ ಧೂಳು. ಕೆಟ್ಟವನಲ್ಲ. ಹತ್ತಿಯ ಮೂಟೆ ನೋಡಿದರೂ, ತಂಗಿಯನ್ನು ನೋಡಿದರೂ, ದೇವರನ್ನು ನೋಡಿದರೂ ಮೊದಲು ದರ ಕೇಳುತ್ತಾನೆ, ಅಷ್ಟೇ.

ವಿಠಲ್ ರಾವ್ ಬೇರೆ ಥರ. ಅರವತ್ತರ ಮೇಲಿನ ವಯಸ್ಸು, ಅರ್ಧ ಮುಖ ಮುಚ್ಚುವ ಕಪ್ಪು ಕನ್ನಡಕ, ಹೆಗಲು ಇಳಿಬಿದ್ದ ನೀಲಿ ಸೂಟು. ಆದವಾನಿಯ ಬಿಸಿಲಿನಲ್ಲಿ ಸೂಟು ತೊಟ್ಟವನು ಒಂದೋ ಮದುಮಗ, ಒಂದೋ ಸುಳ್ಳುಗಾರ. ಈತನಿಗೆ ಮದುವೆಯ ವಯಸ್ಸು ಮೀರಿತ್ತು.

ಲಾರಿ ಒಳಗೆ ಬಂದು ನಿಂತದ್ದೇ ಆತ ಎದ್ದ.

"ಕಾಟಾಕ್ಕೆ ಯಾಕೆ ಒಯ್ದಿರಿ? ನಾನು ಉನ್ನದಿ ಉನ್ನಟ್ಟು ತಗೋತೀನಿ ಅಂದಿದ್ದೆ. ಇದ್ದದ್ದು ಇದ್ದ ಹಾಗೆ. ಒಂದು ಬೋಲ್ಟೂ ಮುಟ್ಟಬಾರದು ಅಂತ ಷರತ್ತು."

"ಬೋಲ್ಟು ಮುಟ್ಟಿಲ್ರಿ. ತೂಗಿದೆ. ಮುದುಕಿಗೆ ಕಚಗುಳಿನೂ ಆಗಿಲ್ಲ."

"ಎಷ್ಟು ಬಂತು?" ಆತನ ದನಿ ಒಂದು ಗೇರು ಇಳಿಯಿತು.

"ಬರಬೇಕಾದಷ್ಟು ಬಂತು," ಎಂದು ಚೀಟಿಯನ್ನು ಜೇಬಿಗಿಟ್ಟೆ.

ಮೊನ್ನೆಯಿಂದ ಆತನಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಚಹಾದ ಕಪ್ಪು ಎಡಗೈಯಲ್ಲಿ. ಫೋನು ಎಡಗೈಯಲ್ಲಿ. ನಮಸ್ಕಾರ ಮಾಡಿದರೆ ಬರೀ ತಲೆ ಆಡಿಸುತ್ತಾನೆ. ಬಲಗೈ ಮಾತ್ರ ಸೂಟಿನ ಜೇಬಿನೊಳಗೆ ಬಾಡಿಗೆಗೆ ಮನೆ ಹಿಡಿದಂತೆ ಕೂತಿದೆ.

ಗಂಟೆ ಹನ್ನೊಂದೂವರೆ. ವಾಗೀಶ ಬಾಂಡ್ ಕಾಗದವನ್ನು ನನ್ನ ಮುಂದೆ ತಳ್ಳಿದ.

"ಬರೀರಿ ಆಚಾರ್ರ. ಹನ್ನೊಂದು ಲಕ್ಷ. ಗಿರಾಕಿ ಎದುರಿಗೆ ಕುಂತಾನ. ಗಿರಾಕಿ ಕೊಡೂದಕ್ಕ ಬೆಲಿ ಅಂತಾರ. ನಿಮ್ಮ ಪುಸ್ತಕದಾಗ ಬ್ಯಾರೆ ಏನರ ಐತೇನು?"

"ಬೆಲಿ ಬ್ಯಾರೆ, ಬಾಯಿ ಮಾತು ಬ್ಯಾರೆ ವಾಗೀಶಪ್ಪ. ನಿಮ್ಮಪ್ಪ ಹತ್ತಿ ಹ್ಯಾಂಗ ಮಾರತಿದ್ದ, ನೆನಪದ ಏನು? ಮಾತಾಡಿ ಮಾರತಿದ್ದನೇನು?"

"ಟವಲ್ ಕೆಳಗ," ಎಂದಳು ಗಂಗೋತ್ರಿ.

ಈಗಿನ ಓದುಗರಿಗೆ ಹೇಳಬೇಕು. ಹತ್ತಿ ಮಾರ್ಕೆಟ್ ಯಾರ್ಡಿನಲ್ಲಿ ಈಗ ಎಲ್ಲಾ ಕಂಪ್ಯೂಟರ್. ಹಿಂದೆ ಹಾಗಲ್ಲ. ಕೊಳ್ಳುವವನು ಮಾರುವವನು ಇಬ್ಬರೂ ಬಲಗೈ ಚಾಚಿ, ಮೇಲೊಂದು ಟವಲ್ ಹೊದಿಸಿ, ಒಳಗೆ ಬೆರಳು ಹಿಡಿದು ದರ ಹೇಳುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಹತ್ತು ಜನ ಸುತ್ತ ನಿಂತಿದ್ದರೂ ದರ ಇಬ್ಬರಿಗೇ ಗೊತ್ತು. ಇವಿಷ್ಟು ಎಲ್ಲಾ ಕಡೆಯ ಸಂತೆಯಲ್ಲೂ ಇದ್ದದ್ದೇ. ಸೋಮಶೇಖರಪ್ಪನವರ ಮಿಲ್ಲಿನ ಅಂಗಳದಲ್ಲಿ ಮಾತ್ರ ಇನ್ನೆರಡು ಗುರುತುಗಳಿದ್ದವು, ಅವರೇ ಹುಟ್ಟಿಸಿದ್ದು. ಹೆಬ್ಬೆರಳ ಉಗುರು ಒತ್ತಿದರೆ 'ಅರ್ಧಕ್ಕೆ ಕೊಡ್ತೀಯಾ' ಎಂದು. ಅಂಗೈ ಗೀರಿದರೆ 'ಒಲ್ಲೆ' ಎಂದು. ಈ ಅಂಗಳದ ಅನ್ನ ಉಂಡವರಿಗಲ್ಲದೆ ಅದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಏಕೆಂದರೆ ನನಗೆ ಎಲ್ಲವೂ ಗೊತ್ತು.

ಹೆಗಲ ಮೇಲಿನ ಟವಲ್ ತೆಗೆದು ಝಾಡಿಸಿದೆ.

"ರಾವ್ ಅವರೇ, ನಮ್ಮ ಪದ್ಧತಿ ಸಾಯೋ ಮುಂಚೆ ಒಂದ್ಸಲ ನೋಡ್ರಿ. ಕೈ ಕೊಡ್ರಿ. ಲಕ್ಷದ ಲೆಕ್ಕ."

ಆತ ಎಡಗೈ ಚಾಚಿದ.

"ಎಡಗೈಲೆ ಅವ್ವನ್ನ ಕೊಳ್ತೀರೇನು?" ಎಂದೆ.

ವಾಗೀಶನ ಮುಖ ಗಂಟಿಕ್ಕಿತು. ಎಡಗೈಯಲ್ಲಿ ವ್ಯಾಪಾರ ಮಾಡುವುದನ್ನು ಆ ಅಂಗಳದಲ್ಲಿ ಯಾರೂ ಕಂಡಿರಲಿಲ್ಲ. "ಬಲಗೈ ಕೊಡ್ರಿ ಸಾರ್," ಎಂದ. "ಅಪ್ಪನ ಕಾಲದ ಶಾಸ್ತ್ರ."

ವಿಠಲ್ ರಾವ್ ಬಲಗೈ ತೆಗೆದ ವೇಗ ಹೇಗಿತ್ತೆಂದರೆ, ಮಿಂಚು ಕಂಡಿದ್ದರೆ ನಾಚಿ ವೃತ್ತಿ ಬಿಡುತ್ತಿತ್ತು. ಜೇಬಿನಿಂದ ನೇರ ಟವಲಿನೊಳಗೆ. ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕೈಗೆ ಬಿತ್ತು.

ಆತ ಇಡೀ ಕೈ ಹಿಡಿದ, ಬಿಟ್ಟ. ಮತ್ತೆ ಹಿಡಿದ, ಬಿಟ್ಟ. ಆಮೇಲೆ ಒಂದೇ ಬೆರಳು. ಹನ್ನೊಂದು. ಹೈದರಾಬಾದಿನ ಶೋಕಿದಾರನಿಗೆ ಯಾರೂ ಕಲಿಸದೆಯೇ ಇದು ಬಂತು.

ನಾನು ಮೆಲ್ಲಗೆ ಆತನ ಹೆಬ್ಬೆರಳ ಉಗುರು ಒತ್ತಿದೆ.

ಆತನ ತೋರುಬೆರಳು ನನ್ನ ಅಂಗೈಯನ್ನು ಗೀರಿತು. ಒಲ್ಲೆ.

ಗೀರಿದ ಮೇಲೆ ಆತನಿಗೆ ತಿಳಿಯಿತು. ಕೈ ಎಳೆದುಕೊಳ್ಳಲು ನೋಡಿದ. ನಾನು ಬಿಡಲಿಲ್ಲ. ನನ್ನ ಹಿಡಿತದಿಂದ ಉಡವೂ ಬಿಡಿಸಿಕೊಂಡದ್ದಿಲ್ಲ. ಬೆರಳುಗಳಿಂದ ನಿಧಾನವಾಗಿ ಆ ಹೆಬ್ಬೆರಳನ್ನು ಓದಿದೆ. ನಡು ಗೆಣ್ಣಿನಲ್ಲಿ ಮುರಿದು, ಒರಟು ಕೂಡಿಕೊಂಡು, ಹೊರಗೆ ಬಾಗಿತ್ತು. ಹಳೇ ಲಾರಿಯ ಹ್ಯಾಂಡಲ್ ತಿರುಗಿ ಒದ್ದರೆ ಆಗುವ ಮುರಿತ ಅದೊಂದೇ ಥರ. ಲೋಕದಲ್ಲಿ ಇನ್ನಾವ ವಸ್ತುವೂ ಹೆಬ್ಬೆರಳನ್ನು ಹಾಗೆ ಮುರಿಯುವುದಿಲ್ಲ.

"ಗಂಗೋತ್ರಿ," ಎಂದೆ. "ನೀ ಹುಟ್ಟಿದ ದಿನ ಹೆಬ್ಬೆರಳು ಮುರಕೊಂಡ ಮನುಷ್ಯಾ ಎಲ್ಲಿ ಅಂದ್ರ ಯಾರಿಗ್ಗೊತ್ತು ಅಂದೆಲ್ಲ. ಈಗ ನೋಡು."

ಟವಲ್ ಎಳೆದೆ.

ಕೈ ಕಂಡದ್ದೇ ವಾಗೀಶ ಕುರ್ಚಿ ಬಿಟ್ಟು ಎದ್ದ. ಚಿಕ್ಕಂದಿನಲ್ಲಿ ಆ ವಕ್ರ ಹೆಬ್ಬೆರಳು ಹಿಡಿದು ಜೋತಾಡಿದವನು ಅವನು.

"ಆಂಜಿನಪ್ಪ ಮಾಮ."

ನೀಲಿ ಸೂಟಿನ ಮನುಷ್ಯ ಕಪ್ಪು ಕನ್ನಡಕ ತೆಗೆದ. ಹೈದರಾಬಾದು ಆತನ ನಾಲಿಗೆಯಿಂದ ಇಳಿದು ಹೋಯಿತು.

"ಹೌದಪ್ಪ ವಾಗೀಶ. ನಾನ. ಸ್ವಲ್ಪ ನೀರು ಕೊಡ್ರಿ. ಈ ಕೋಟು ಅಳಿಯಂದು, ಒಳಗ ಕುದಿಯಾಕತ್ತೀನಿ."

ಗಂಗೋತ್ರಿ ಚೊಂಬು ತಂದುಕೊಟ್ಟಳು. ಎಡಗೈಯಲ್ಲಿ ಕೊಟ್ಟದ್ದು ನನಗೆ ಕಂಡಿತು. ಗಡಿಬಿಡಿ ಎಂದುಕೊಂಡೆ.

"ಹನ್ನೊಂದು ಲಕ್ಷ ಎಲ್ಲೈತಿ ಮಾಮ?" ಎಂದ ವಾಗೀಶ.

"ಹನ್ನೊಂದು ಸಾವಿರಾನೂ ಇಲ್ಲಪ್ಪ."

"ಮತ್ತ?"

"ಟ್ರಯಲ್ ನೋಡತೀನಿ ಅಂತ ಒಂದು ದಿನ ಒಯ್ಯೂದು, ಚಿಪ್ಪಗಿರ್ಯಾಗ ನಿಂದರಸೂದು, ನನ್ನ ಸಾಮಾನು ಇಳಿಸಿಕೊಳ್ಳೂದು, ಎಂಜಿನ್ ಸರಿ ಇಲ್ಲ ಅಂತ ವಾಪಸ್ ತಂದು ಬಿಡೂದು. ಇಷ್ಟ ಇತ್ತು. ಸ್ಟಾರ್ಟ್ ಮಾಡೂದು ನನಗ ಗೊತ್ತೈತಿ. ಆಕಿಗೆ ಮೊದಲ ಒಂದು ಬೈಗುಳ ಬೈಬೇಕು."

"ಯಾವ ಸಾಮಾನು?" ಎಂದು ಕೇಳಿದವನು ನಾನು, ಆದರೆ ಉತ್ತರ ಗೊತ್ತಿತ್ತು. ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. "ಮುನ್ನೂರಾ ನಲವತ್ತು ಕಿಲೋ ಸಾಮಾನು. ಹೌದಿಲ್ಲೋ?"

ಆಂಜಿನಪ್ಪ ಚೀಟಿಯನ್ನು ದೂರ ಹಿಡಿದು ಓದಿದ. ಏನೋ ಹೇಳಲು ಹೋಗಿ ನುಂಗಿದ.

"ನಾ ಲಾರಿ ಓಡಸೂ ಕಾಲಕ್ಕ ಈ ಮಿಲ್ಲಿನಾಗ ಗುಮಾಸ್ತ ಒಬ್ಬ ಇದ್ದ," ಎಂದು ಶುರು ಮಾಡಿದ. "ತೇವ ಐತಿ, ಕಸ ಐತಿ ಅಂತ ರೈತರ ಹತ್ತಿ ತೂಕದಾಗ ತರುಗು ಅಂತ ಒಂದಿಷ್ಟು ಕಿಲೋ ಕಡೀತಿದ್ದ. ಒಣ ಹತ್ತಿಗೂ ತರುಗು, ಹಸಿ ಹತ್ತಿಗೂ ತರುಗು. ನಮ್ಮ ಚಿಪ್ಪಗಿರಿ ಮಂದಿ ಅತ್ತುಕೊಂಡು ಹೋಗತಿದ್ರು. ಆದ್ರ ಆತ ಸೋಮಾರಿ. ತುಂಬಿದ ಲಾರಿ ತೂಗತಿದ್ದ, ಖಾಲಿ ಲಾರಿ ತೂಗತಿದ್ದಿಲ್ಲ. ಬಾಗಿಲ ಮ್ಯಾಲ ಬರದ ತೂಕ ನೋಡಿ ಕಳೀತಿದ್ದ, ಅಷ್ಟ."

ವಾಗೀಶ ವ್ಯಾಪಾರಿಯ ಮಗ. ಒಂದು ಉಸಿರಿನಲ್ಲಿ ಅರ್ಥವಾಯಿತು.

"ನೀ ಲಾರಿ ತೂಕ ಹೆಚ್ಚು ಮಾಡಿದಿ. ಬಾಗಿಲ ಮ್ಯಾಲಿನ ಅಂಕಿ ಹಂಗ ಬಿಟ್ಟಿ. ಪ್ರತಿ ಲೋಡಿಗೂ ನಿನ್ನ ಕಬ್ಬಿಣ ನಮ್ಮಪ್ಪ ಹತ್ತಿ ಅಂತ ಕೊಂಡ."

"ಆತ ಕಡದಷ್ಟ ನಾ ಕೂಡಸಿದೆ. ಒಂದು ಕಿಲೋ ಹೆಚ್ಚಿಲ್ಲ, ಒಂದು ಕಿಲೋ ಕಡಿಮಿ ಇಲ್ಲ." ಆಂಜಿನಪ್ಪ ಸೂಟಿನ ತೋಳಿನಿಂದ ಮುಖ ಒರೆಸಿಕೊಂಡ. "ಈಗ ಗುಜರಿಗೆ ಹಾಕತಾರ ಅಂತ ಸುದ್ದಿ ಬಂತು. ಗುಜರಿಯಾಂವ ಕೊಯ್ದರ ಎಲ್ಲಾ ಹೊರಗ ಬೀಳತೈತಿ. ಚಿಪ್ಪಗಿರಿ ಮಂದಿ ಕಳ್ಳರು ಅಂತಾರ. ಸೋಮಶೇಖರಪ್ಪಗ ಮಣ್ಣು ಹಾಕಾಕೂ ಬರಲಿಲ್ಲ ನಾನು. ಯಾವ ಮುಖ ಇಟಗೊಂಡು ಬರಲಿ?"

ಇಂಥ ಹೊತ್ತಿನಲ್ಲಿ ಮಾತಾಡುವುದಕ್ಕೆಂದೇ ದೇವರು ನನ್ನನ್ನು ಹುಟ್ಟಿಸಿದ್ದಾನೆ.

"ನಿನ್ನ ಸಾಹುಕಾರಗ ಗೊತ್ತಿತ್ತೋ ಆಂಜಿನಪ್ಪ," ಎಂದೆ. "ಸಾಯೂ ಮುಂದ ಏನಂದ? 'ಅವ್ವನ್ನ ಹಗುರ ಮಾಡಬ್ಯಾಡ' ಅಂದ. ಇವರೆಲ್ಲಾ ಮರ್ಯಾದಿ ಮಾತು ತಿಳಕೊಂಡ್ರು. ಅಂವ ಕಿಲೋ ಲೆಕ್ಕ ಹೇಳಿದ್ದ. ಆ ಕಬ್ಬಿಣ ಅಲ್ಲೇ ಇರಲಿ ಅಂದಿದ್ದ."

ಆಂಜಿನಪ್ಪ ಲಾರಿಯ ಹಣೆಯ ಮೇಲಿನ ಹೆಸರನ್ನು ನೋಡುತ್ತಾ ಕೂತ. ಚೊಂಬಿನ ನೀರು ಕೋಟಿನ ಮೇಲೆ ಸುರಿಯುತ್ತಿತ್ತು.

ಮೊದಲು ನಕ್ಕವನು ವಾಗೀಶ. ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮಪ್ಪ, ತಕ್ಕಡ್ಯಾಗ ನೊಣ ಕುಂತ್ರ ಅದರ ದುಡ್ಡೂ ಕೇಳತಿದ್ದ. ಅಂಥಾಂವ ವರ್ಷಾನುಗಟ್ಟಲೆ ಗೊತ್ತಿದ್ದೂ ಕಬ್ಬಿಣಕ್ಕ ಹತ್ತಿ ರೇಟು ಕೊಟ್ಟಾನ." ಕಣ್ಣು ಒರೆಸಿಕೊಂಡು ಬಾಂಡ್ ಕಾಗದವನ್ನು ನನ್ನ ಕಡೆ ತಿರುಗಿಸಿದ. "ಆತು ಆಚಾರ್ರ, ಗಿರಾಕಿ ಹೋದ. ನಿಮ್ಮ ಬೆಲಿ ಹೇಳ್ರಿ."

ಗಂಟೆ ಹನ್ನೊಂದೂ ಐವತ್ತು.

ನಾನು ಬೆರಳು ಮಡಚಿದೆ. ಕಬ್ಬಿಣಕ್ಕೆ ಗುಜರಿ ದರ. ತೇಗದ ಬಾಡಿಗೆ ಬೇರೆ, ಅಂಥ ತೇಗ ಈಗ ಬೀಜಕ್ಕೂ ಸಿಗುವುದಿಲ್ಲ. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ನೋಡಿದ್ದೆ, ಆರ್.ಸಿ. ಪುಸ್ತಕದ ನಂಬರಿಗೆ ಅಕ್ಷರಶಃ ಹೊಂದಿತ್ತು. ಅದಕ್ಕೂ ಬೆಲೆ. ರಬ್ಬರ್ ಬುಡ್ಡೆಯ ಹಾರ್ನು ಹಿಚುಕಿದರೆ ಇನ್ನೂ ಕೋಣದಂತೆ ಕೂಗುತ್ತದೆ. ಅದಕ್ಕೊಂದಿಷ್ಟು. ಎಂಜಿನ್ ಬಿಚ್ಚುವ ಖರ್ಚು ಕಳೆದೆ.

"ಒಂದು ಲಕ್ಷ ಎಂಬತ್ತು ಸಾವಿರ. ಒಂದು ರೂಪಾಯಿ ಅತ್ತ ಇಲ್ಲ, ಇತ್ತ ಇಲ್ಲ."

ಅರ್ಧಕ್ಕೆ ತೊಂಬತ್ತು ಸಾವಿರ. ಗಂಗೋತ್ರಿಯ ಕೈಯಲ್ಲಿ ಒಂದು ಲಕ್ಷ. ಆಕೆ ಲಾರಿಯ ಬಂಪರಿಗೆ ಒರಗಿ ಉಸಿರು ಬಿಟ್ಟಳು. ಅರವತ್ತೈದು ವರ್ಷದ ಮುದುಕಿಯೂ ಉಸಿರು ಬಿಟ್ಟಂತೆ ನನಗೆ ಕೇಳಿಸಿತು.

"ಒಪ್ಪಿಗಿ," ಎಂದ ವಾಗೀಶ. "ಹತ್ತು ಸಾವಿರ ಉಳದದ್ದರಾಗ ಆಂಜಿನಪ್ಪ ಮಾಮಗ ಒಂದು ಹತ್ತಿ ಅಂಗಿ ಹೊಲಿಸು ತಂಗಿ. ಈ ಕೋಟಿನಾಗ ಸತ್ತಾನು."

ಪೆನ್ನಿನ ಮುಚ್ಚಳ ತೆಗೆದೆ. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬರೀ ಬುದ್ಧಿವಂತನಾಗಿ ಉಳಿಯುತ್ತಿದ್ದೆ. ಆದರೆ ನಾನು ಬೆಲೆ ಕಟ್ಟುವವನು. ಕಣ್ಣಿನಿಂದ ನೋಡದ ವಸ್ತುವಿಗೆ ಇವತ್ತಿನವರೆಗೆ ಸಹಿ ಹಾಕಿಲ್ಲ.

"ಒಂದ್ಸಲ ಆ ಕಬ್ಬಿಣ ನೋಡಿಬಿಡೋಣು," ಎಂದೆ.

"ಏನು ನೋಡೂದ್ರಿ, ಕಬ್ಬಿಣ ಕಬ್ಬಿಣ," ಎಂದಳು ಗಂಗೋತ್ರಿ. "ಮೊದಲ ಸಹಿ ಹಾಕ್ರಿ. ವ್ಯಾಳ್ಯಾ ಇಲ್ಲ."

"ಹತ್ತು ನಿಮಿಷ ಅದ. ಹತ್ತು ನಿಮಿಷದಾಗ ನಾನು ರೈಲು ಎಂಜಿನ್ನಿಗೂ ಬೆಲಿ ಕಟ್ಟೀನಿ."

ಆಂಜಿನಪ್ಪ ಕೋಟು ಬಿಚ್ಚಿ ಬೇವಿನ ಕೊಂಬೆಗೆ ತೂಗುಹಾಕಿ ಲಾರಿ ಹತ್ತಿದ. ಸೀಟಿನ ಬೆನ್ನಿನ ಹಿಂದೆ ಅಡ್ಡ ಹಲಗೆಯೊಂದಿತ್ತು. ಮೂರು ದಿನ ಮುಟ್ಟಿ ತಟ್ಟಿ ನೋಡಿದ ನನಗೂ ಅದು ಬರೀ ಹಲಗೆಯಾಗಿ ಕಂಡಿತ್ತು. ಇದನ್ನು ಶ್ರೀವಾಣಿಗೆ ಯಾರೂ ಹೇಳಬಾರದು. ಆಂಜಿನಪ್ಪ ಸಣ್ಣ ಹಾರೆ ಕೊಟ್ಟು ಹಲಗೆ ಎಬ್ಬಿಸಿದ. ಹಿಂದೆ ಉದ್ದನೆಯ ಗೂಡು. ಗೂಡಿನೊಳಗೆ ಇಪ್ಪತ್ತು ಕಿಲೋದ ತೂಕದ ಕಲ್ಲುಗಳು, ಕಬ್ಬಿಣದವು, ಸಾಲಾಗಿ ಕೂತ ಕಪ್ಪು ಕೋಳಿಗಳಂತೆ. ತುಕ್ಕಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದವು.

ನಾನು ಎಣಿಸಿದೆ. "ಹದಿನೇಳು. ಹದಿನೇಳು ಇಪ್ಪತ್ತಲೆ ಮುನ್ನೂರಾ ನಲವತ್ತು. ಕಾಟಾ ಸುಳ್ಳು ಹೇಳಿಲ್ಲ, ನಾನೂ ಹೇಳಿಲ್ಲ."

ಆಂಜಿನಪ್ಪ ಹಾರೆ ಕೆಳಗಿಟ್ಟ.

"ಆಚಾರ್ರ, ಅದನ್ನ ಆಗಲೇ ಕೇಳಬೇಕು ಅಂತಿದ್ದೆ. ಮುನ್ನೂರಾ ನಲವತ್ತು ಹ್ಯಾಂಗ ಬಂತು? ನಾ ಇಟ್ಟಿದ್ದು ಹದಿನಾರು."

"ಮರ್ತಿರಬೇಕು."

"ಹೆಬ್ಬೆರಳು ಮರತೇನು, ಇದನ್ನ ಮರ್ಯೂದಿಲ್ರಿ. ಒಂದೊಂದ ಹೊತ್ತಾಂವ ನಾನು."

ನಾನು ಬಾಗಿದೆ. ಹದಿನಾರು ಕಲ್ಲುಗಳ ಮೈಮೇಲೆ ಇಪ್ಪತ್ತು ವರ್ಷದ ಧೂಳು, ಜೇಡರ ಬಲೆ. ಕೊನೆಯದರ ಮೇಲೆ ಏನೂ ಇಲ್ಲ. ಅದು ಮಿರಿಮಿರಿ ಕಪ್ಪು. ಮೂಗಿಗೆ ಹೊಸ ಬಣ್ಣದ ವಾಸನೆ ಬಡಿಯಿತು. ಮುಟ್ಟಿದೆ. ಬಣ್ಣ ಇನ್ನೂ ಹಸಿಯಾಗಿತ್ತು. ಅಲ್ಲಾಡಿಸಿದೆ. ಒಳಗೆ ಏನೋ ಗಲಗಲ ಎಂದಿತು.

ಕಬ್ಬಿಣದ ಕಲ್ಲು ಗಲಗಲ ಎನ್ನುವುದಿಲ್ಲ.

"ಆಚಾರ್ರ," ಕೆಳಗಿನಿಂದ ವಾಗೀಶನ ದನಿ. ನಗು ಹೋಗಿತ್ತು. "ಪೆನ್ನು ಕೆಳಗ ಇಡ್ರಿ. ಅದರಾಗ ಏನೈತಿ ಅಂತ ಗೊತ್ತಾಗೂತನಕ ಬೆಲಿ ಬರೀಬ್ಯಾಡ್ರಿ."

ನಾನು ಕೈ ಹೊರಗೆಳೆದೆ. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕಪ್ಪು ಕಲೆ ಅಂಟಿತ್ತು. ಗ್ರೀಸಲ್ಲ. ಬಣ್ಣ. ಬೆಳಿಗ್ಗೆ ಕಾಟಾದ ಹತ್ತಿರ ಗಂಗೋತ್ರಿಯ ಉಗುರಿನಲ್ಲಿ ಅದೇ ಜಾಗದಲ್ಲಿ ಅದೇ ಕಲೆಯನ್ನು ನೋಡಿ ನಾನು, ಈ ಜಿಲ್ಲೆಯ ಅತಿ ಚುರುಕು ಕಣ್ಣಿನವನು, ಪ್ರೀತಿ ಎಂದು ಓದಿದ್ದೆ.

ಸೋಮಶೇಖರಪ್ಪ ಸತ್ತು ಮೂರು ತಿಂಗಳು, ಈ ಬಣ್ಣ ಒಂದು ದಿನದ್ದೂ ಅಲ್ಲ. ಶೆಡ್ಡಿನ ಬೀಗದ ಕೈ ಒಂದೇ, ಆಕೆಯ ಸೊಂಟದಲ್ಲಿ.

ಹನ್ನೆರಡರ ಸೈರನ್ ಕೂಗತೊಡಗಿತು.

"ಸಹಿ ಹಾಕ್ರಿ ಆಚಾರ್ರ," ಎಂದಳು ಗಂಗೋತ್ರಿ, ಸೈರನ್ನಿನ ಮೇಲೆ ದನಿ ಏರಿಸಿ. "ಇದು ನಿಲ್ಲೂದ್ರಾಗ ಹಾಕ್ರಿ. ನಿಮ್ಮ ಕಾಲಿಗೆ ಬೀಳತೀನಿ."

ಎಡಗೈಯಲ್ಲಿ ಕಾಗದ ಹಿಡಿದು ಮೇಲಕ್ಕೆ ಚಾಚಿದ್ದಳು. ಬಲಗೈ ಸೆರಗಿನೊಳಗಿತ್ತು.